ರೀಲ್ಸ್ ಕಾಲದ ಸುದ್ದಿ: ಆರಿಸುವವರು ಯಾರು?

ಎರಡು ಸಂಗತಿಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಉದ್ಯಮ ಸಂಘಟನೆ ಫಿಕ್ಕಿ ಮತ್ತು ಸಲಹಾ ಸಂಸ್ಥೆ ಇವೈ 2025ರ ಮಾರ್ಚ್‌ನಲ್ಲಿ ಹೊರತಂದ ವರದಿಯ ಪ್ರಕಾರ, 2024ರಲ್ಲಿ ಡಿಜಿಟಲ್ ಮಾಧ್ಯಮವು ಟಿ.ವಿ.ಯನ್ನು ಹಿಂದಿಕ್ಕಿ ದೇಶದ ಮಾಧ್ಯಮ ಮತ್ತು ಮನರಂಜನಾ ಉದ್ಯಮದ ಅತಿ ದೊಡ್ಡ ವಿಭಾಗವಾಯಿತು. ಅದರ ವರಮಾನ ಸುಮಾರು 80,200 ಕೋಟಿ ರೂಪಾಯಿ. ಆದರೆ ಸುದ್ದಿಮನೆಗಳಲ್ಲಿ ಕೇಳಿಬರುವ ಮಾತೇ ಬೇರೆ. ಜಾಲತಾಣಕ್ಕೆ ನೇರವಾಗಿ ಬರುವವರು ಕಡಿಮೆಯಾಗಿದ್ದಾರೆ, ದೀರ್ಘ ವರದಿಯನ್ನು ಕೊನೆಯವರೆಗೆ ಓದುವವರು ಇನ್ನೂ ಕಡಿಮೆ, ವಿಡಿಯೊಗೆ ಲಕ್ಷಗಟ್ಟಲೆ ವೀಕ್ಷಣೆ ಬಂದರೂ ಖಾತೆಗೆ ಬೀಳುವ ಹಣ ಅಲ್ಪ. ಜನ ಹಿಂದೆಂದಿಗಿಂತ ಹೆಚ್ಚು ಹೊತ್ತು ಪರದೆ ನೋಡುತ್ತಿದ್ದಾರೆ, ಡಿಜಿಟಲ್ ಉದ್ಯಮ ಬೆಳೆಯುತ್ತಿದೆ. ಹಾಗಿದ್ದರೂ ಸುದ್ದಿ ಬರೆಯುವವರ ಕಾಲ ಕೆಳಗಿನ ನೆಲ ಕುಸಿಯುತ್ತಿರುವುದು ಏಕೆ?

ಈ ಪ್ರಶ್ನೆಗೆ ಬೇಗನೆ ಸಿಗುವ ಉತ್ತರ, ‘ಈಗಿನವರಿಗೆ ತಾಳ್ಮೆ ಇಲ್ಲ’ ಎಂಬುದು. ಮನೆಯಲ್ಲಿ, ಶಾಲೆಯಲ್ಲಿ, ಪತ್ರಿಕಾಗೋಷ್ಠಿಯಲ್ಲಿ ಎಲ್ಲೆಡೆ ಇದನ್ನೇ ಹೇಳುತ್ತಾರೆ. ಇದು ಅರ್ಧ ಸತ್ಯವೂ ಅಲ್ಲ. ಕೆಲವೇ ವರ್ಷಗಳಲ್ಲಿ ಬದಲಾಗಿದ್ದು ನಮ್ಮ ತಾಳ್ಮೆಗಿಂತ ಮುಖ್ಯವಾಗಿ, ಮುಂದೆ ಏನು ನೋಡಬೇಕೆಂದು ತೀರ್ಮಾನಿಸುವ ಅಧಿಕಾರ. ಅದು ಓದುಗನ ಕೈಯಿಂದಲೂ ಸಂಪಾದಕರ ಕೈಯಿಂದಲೂ ಜಾರಿದೆ.

ಚುಟುಕು ಹೊಸದಲ್ಲ

2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದ ಮೇಲೆ ಮೊಬೈಲ್ ಡೇಟಾ ಅಗ್ಗವಾಯಿತು. ವಿಡಿಯೊ ಎಲ್ಲರ ಕೈಗೆ ಎಟುಕಿತು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿತು. ಆ್ಯಪ್ ಹೋಯಿತು, ಅದು ಕಲಿಸಿದ ಅಭ್ಯಾಸ ಉಳಿಯಿತು. ಕೆಲವೇ ದಿನಗಳಲ್ಲಿ ಬೆಂಗಳೂರಿನ ಶೇರ್‌ಚಾಟ್ ಸಂಸ್ಥೆ ‘ಮೋಜ್’ ತಂದಿತು. ಇಲ್ಲಿನದೇ ಆದ ಡೈಲಿಹಂಟ್‌ನ ಮಾತೃಸಂಸ್ಥೆ ‘ಜೋಶ್’ ತಂದಿತು. ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಭಾರತಕ್ಕೆ ಬಂತು. ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ತನ್ನ ಶಾರ್ಟ್ಸ್ ಪ್ರಯೋಗವನ್ನು ಜಗತ್ತಿನಲ್ಲೇ ಮೊದಲು ಆರಂಭಿಸಿದ್ದು ಭಾರತದಲ್ಲಿ.

ಹಾಗೆಂದು ಚುಟುಕು ನಮಗೆ ಹೊಸದೇ? ಆಕಾಶವಾಣಿಯ ಪ್ರದೇಶ ಸಮಾಚಾರ ಕೆಲವೇ ನಿಮಿಷಗಳದ್ದು. ಪತ್ರಿಕೆಗಳಲ್ಲಿ ‘ಸಂಕ್ಷಿಪ್ತ ಸುದ್ದಿ’ಯ ಅಂಕಣ ತಲೆಮಾರುಗಳಿಂದ ಇದೆ. ಕೆಲವೇ ಸಾಲಿನಲ್ಲಿ ಲೋಕವನ್ನೇ ಹಿಡಿದಿಡುವ ವಚನ, ತ್ರಿಪದಿಗಳ ಭಾಷೆ ನಮ್ಮದು. ಆದರೆ ಅಲ್ಲೆಲ್ಲ ಚಿಕ್ಕದಾಗಿದ್ದರೂ ಮಾತು ಪೂರ್ತಿಯಾಗಿರುತ್ತಿತ್ತು. ಯಾವುದು ಮೊದಲು, ಯಾವುದು ನಂತರ ಎಂದು ಯಾರೋ ಯೋಚಿಸಿ ಜೋಡಿಸಿರುತ್ತಿದ್ದರು. ಆ ಜೋಡಣೆ ತಪ್ಪಿದರೆ ಪ್ರಶ್ನಿಸಲು ಒಂದು ಹೆಸರು, ಒಂದು ವಿಳಾಸ ಇರುತ್ತಿತ್ತು.

ಮನುಷ್ಯನ ಗಮನ ಎಂಟು ಸೆಕೆಂಡಿಗೆ ಇಳಿದಿದೆ, ಗೋಲ್ಡ್‌ಫಿಷ್ ಮೀನಿಗಿಂತ ಕಡಿಮೆ ಎಂಬ ಮಾತು ಭಾಷಣಗಳಲ್ಲಿ ಇನ್ನೂ ಓಡಾಡುತ್ತಿದೆ. ಅದರ ಮೂಲ ಹುಡುಕಿ ಹೋದವರಿಗೆ ಆಧಾರವಾಗಬಲ್ಲ ಸಂಶೋಧನೆ ಸಿಗಲಿಲ್ಲ. ರೀಲ್ಸ್ ನೋಡುವ ಅದೇ ಹುಡುಗ ಎರಡು ಗಂಟೆಯ ಪಾಡ್‌ಕಾಸ್ಟ್ ಕೇಳುತ್ತಾನೆ, ರಾತ್ರಿಯಿಡೀ ವೆಬ್ ಸರಣಿ ನೋಡುತ್ತಾನೆ. ಕಂಪನಿಗಳಿಗೂ ಇದು ಗೊತ್ತು. ಹದಿನೈದು ಸೆಕೆಂಡಿನಿಂದ ಆರಂಭವಾದ ರೀಲ್ಸ್ 2025ರ ಜನವರಿಯಲ್ಲಿ ಮೂರು ನಿಮಿಷಕ್ಕೆ ಬೆಳೆಯಿತು. ಶಾರ್ಟ್ಸ್ 2024ರ ಅಕ್ಟೋಬರ್‌ನಲ್ಲೇ ಮೂರು ನಿಮಿಷಕ್ಕೆ ಬಂದಿತ್ತು. ಜನರ ತಾಳ್ಮೆ ಸತ್ತಿದ್ದರೆ ವಿಡಿಯೊಗಳನ್ನು ಉದ್ದ ಮಾಡುವ ಅಗತ್ಯವೇ ಇರಲಿಲ್ಲ.

ಫೀಡ್ ಕೆಲಸ ಮಾಡುವ ರೀತಿ

ಹತ್ತು ವರ್ಷಗಳ ಹಿಂದೆ ಫೇಸ್‌ಬುಕ್ ತೆರೆದವರಿಗೆ ಕಾಣುತ್ತಿದ್ದುದು ಬಹುಪಾಲು ಅವರೇ ಆರಿಸಿಕೊಂಡವರು: ಸ್ನೇಹಿತರು, ನೆಂಟರು, ತಾವು ಒಪ್ಪಿ ಹಿಂಬಾಲಿಸಿದ ಪತ್ರಿಕೆ. ಟಿಕ್‌ಟಾಕ್ ಈ ಕ್ರಮವನ್ನು ಮುರಿಯಿತು. ನಿಮ್ಮ ಪರಿಚಿತರು ಯಾರು ಎಂಬುದು ಅದಕ್ಕೆ ಮುಖ್ಯವಾಗಲಿಲ್ಲ. ಯಾವ ವಿಡಿಯೊ ಮುಂದೆ ನಿಮ್ಮ ಬೆರಳು ನಿಂತಿತು, ಎಷ್ಟು ಸೆಕೆಂಡ್ ನಿಂತಿತು, ಎರಡನೇ ಬಾರಿ ನೋಡಿದಿರಾ, ಯಾರಿಗಾದರೂ ಕಳಿಸಿದಿರಾ ಎಂಬುದನ್ನಷ್ಟೇ ಲೆಕ್ಕ ಹಾಕಿ ಮುಂದಿನದನ್ನು ಬಡಿಸಿತು. ಉಳಿದವರೂ ಅದೇ ದಾರಿ ಹಿಡಿದರು. ಅಮೆರಿಕದ ವ್ಯಾಪಾರ ಆಯೋಗ ಹೂಡಿದ್ದ ಮೊಕದ್ದಮೆಯಲ್ಲಿ 2025ರಲ್ಲಿ ಮೆಟಾ ಕಂಪನಿಯೇ ನ್ಯಾಯಾಲಯದ ಮುಂದಿಟ್ಟ ಲೆಕ್ಕ ಇದನ್ನು ಸ್ಪಷ್ಟಪಡಿಸುತ್ತದೆ: ಜನ ಸ್ನೇಹಿತರ ಪೋಸ್ಟ್ ನೋಡಲು ವ್ಯಯಿಸುವ ಸಮಯ ಫೇಸ್‌ಬುಕ್‌ನಲ್ಲಿ ಶೇ 17, ಇನ್‌ಸ್ಟಾಗ್ರಾಂನಲ್ಲಿ ಶೇ 7 ಮಾತ್ರ. ‘ಸಾಮಾಜಿಕ ಜಾಲತಾಣ’ ಎಂದು ನಾವಿನ್ನೂ ಕರೆಯುತ್ತಿರುವುದು ಈಗ ಬಹುಪಾಲು ಅಪರಿಚಿತರ ವಿಡಿಯೊಗಳನ್ನು ತೋರಿಸುವ ಟಿ.ವಿ. ವಾಹಿನಿ. ಒಬ್ಬೊಬ್ಬರಿಗೆ ಒಂದೊಂದು ವಾಹಿನಿ, ಅಷ್ಟೇ ವ್ಯತ್ಯಾಸ.

ಇದರ ಪರಿಣಾಮ ಹಂತಹಂತವಾಗಿ ಬರುತ್ತದೆ. ಮೊದಲನೆಯದಾಗಿ, ಸುದ್ದಿ ತನ್ನ ಸಂಸ್ಥೆಯಿಂದ ಬೇರ್ಪಡುತ್ತದೆ. ಪತ್ರಿಕೆ ಕೊಂಡವನು ಇಡೀ ಪತ್ರಿಕೆಯನ್ನು ಕೊಳ್ಳುತ್ತಿದ್ದ. ಕ್ರೀಡಾಪುಟಕ್ಕಾಗಿ ತೆರೆದವನ ಕಣ್ಣಿಗೆ ಜಲಮಂಡಳಿಯ ಸುದ್ದಿಯೂ ಬೀಳುತ್ತಿತ್ತು. ಫೀಡ್‌ನಲ್ಲಿ, ಅಂದರೆ ಬೆರಳು ಸರಿಸಿದಂತೆ ಒಂದರ ನಂತರ ಒಂದು ಬರುವ ಪೋಸ್ಟ್‌ಗಳ ಸಾಲಿನಲ್ಲಿ, ಪ್ರತಿ ತುಣುಕೂ ಒಂಟಿಯಾಗಿ ಹೋರಾಡಬೇಕು. ಎರಡನೆಯದಾಗಿ, ಆ ಹೋರಾಟ ಮೊದಲ ಎರಡು–ಮೂರು ಸೆಕೆಂಡಿನಲ್ಲೇ ಮುಗಿಯುತ್ತದೆ. ಆದ್ದರಿಂದ ಅತಿ ಗಟ್ಟಿಯಾದ, ಕೋಪ ಅಥವಾ ಭಯ ಹುಟ್ಟಿಸುವ ವಾಕ್ಯ ಮುಂದಕ್ಕೆ ಬರುತ್ತದೆ. ‘ಆದರೆ’, ‘ಒಂದು ವೇಳೆ’, ‘ಇಂಥವರಿಗೆ ಮಾತ್ರ’ ಎಂಬ ಷರತ್ತುಗಳು ಹಿಂದಕ್ಕೆ ಸರಿಯುತ್ತವೆ ಅಥವಾ ಕತ್ತರಿಗೆ ಸಿಗುತ್ತವೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ವರದಿಗಾರನೂ ಸಂಪಾದಕನೂ ಯಾವುದು ಓಡುತ್ತದೆ ಎಂಬುದನ್ನು ನೋಡಿ, ಯಾವುದನ್ನು ವರದಿ ಮಾಡಬೇಕು ಎಂದು ತೀರ್ಮಾನಿಸಲು ತೊಡಗುತ್ತಾರೆ.

ಒಂದು ದರಪಟ್ಟಿ, ಒಂದು ನೋಟಿಸ್

ಬೆಂಗಳೂರಿನಲ್ಲೇ 2025ರಲ್ಲಿ ನಡೆದ ಎರಡು ಪ್ರಕರಣಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಚುಟುಕು ವಿಡಿಯೊದ ಶಕ್ತಿಯೂ ಅಪಾಯವೂ ಕಾಣುತ್ತವೆ.

ಫೆಬ್ರುವರಿಯಲ್ಲಿ ನಮ್ಮ ಮೆಟ್ರೊ ಪ್ರಯಾಣ ದರ ಏರಿತು. ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು. ಮೆಟ್ರೊ ನಿಗಮ ಸರಾಸರಿ ಏರಿಕೆಯ ಲೆಕ್ಕ ಹೇಳುತ್ತಿದ್ದರೆ, ಕೆಲವು ನಿಲ್ದಾಣಗಳ ನಡುವೆ ದರ ಹೆಚ್ಚುಕಡಿಮೆ ದುಪ್ಪಟ್ಟಾಗಿತ್ತು. ಪ್ರಯಾಣಿಕರು ಹಳೆಯ ದರ, ಹೊಸ ದರದ ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ಹಂಚಿಕೊಂಡರು. ಯಾವ ವಿವರಣೆಯೂ ಬೇಕಿರಲಿಲ್ಲ. ಎರಡು ಅಂಕಿಗಳು ಎಲ್ಲವನ್ನೂ ಹೇಳಿದವು. ಆಕ್ರೋಶ ಹೆಚ್ಚಿತು, ಮುಖ್ಯಮಂತ್ರಿ ಮಧ್ಯಪ್ರವೇಶಿಸಿದರು, ಕೆಲವೇ ದಿನಗಳಲ್ಲಿ ಏರಿಕೆಗೆ ಶೇ 71ರ ಮಿತಿ ಹಾಕಲಾಯಿತು. ಪೂರ್ತಿ ಸಮಾಧಾನ ಸಿಗದಿದ್ದರೂ, ಸರಾಸರಿಯ ಹಿಂದೆ ಅಡಗಿದ್ದ ಹೊರೆ ಬಯಲಾಯಿತು. ಇದು ಮೊಬೈಲ್ ಹಿಡಿದ ಸಾಮಾನ್ಯ ಪ್ರಯಾಣಿಕರು ಮಾಡಿದ ಕೆಲಸ, ಇದನ್ನು ಕಡೆಗಣಿಸಬಾರದು.

ಜುಲೈನಲ್ಲಿ ನಡೆದದ್ದು ಇದಕ್ಕೆ ವ್ಯತಿರಿಕ್ತ. ಯುಪಿಐ ವಹಿವಾಟಿನ ಮಾಹಿತಿ ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ‘ಯುಪಿಐಗೆ ತೆರಿಗೆ’ ಎಂಬ ಮಾತು ಮೊಬೈಲ್‌ಗಳಲ್ಲಿ ಹರಿದಾಡಿತು. ಬೇಕರಿ, ಚಹಾ ಅಂಗಡಿ, ತಳ್ಳುಗಾಡಿಗಳಲ್ಲಿ ಕ್ಯೂಆರ್ ಕೋಡ್ ತೆಗೆದು ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿ ಅಂಟಿಸಿದರು.

ವಾಸ್ತವದಲ್ಲಿ ಯುಪಿಐ ಮೇಲೆ ತೆರಿಗೆ ಇರಲಿಲ್ಲ. ವರ್ಷದ ವಹಿವಾಟು ಸರಕಿನಲ್ಲಿ 40 ಲಕ್ಷ ರೂಪಾಯಿ, ಸೇವೆಯಲ್ಲಿ 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು ಎಂಬುದು ಹಳೆಯ ನಿಯಮ. ಹಣ ನಗದಿನಲ್ಲಿ ಬಂದರೂ ಯುಪಿಐನಲ್ಲಿ ಬಂದರೂ ನಿಯಮ ಅದೇ. ತಾಜಾ ತರಕಾರಿ, ಹಣ್ಣು, ಬಿಡಿ ಹಾಲಿನಂಥ ವಸ್ತುಗಳಿಗೆ ವಿನಾಯಿತಿ ಇದೆ. ಸಣ್ಣವರಿಗೆ ಕಡಿಮೆ ದರದ ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿಯೂ ಇದೆ. ಇಲಾಖೆ ತಪ್ಪಿದ್ದೂ ಉಂಟು: ವಿನಾಯಿತಿ ಇರುವ ವಸ್ತು ಮಾರುವವರಿಗೂ ಲಕ್ಷಗಳ ಲೆಕ್ಕದಲ್ಲಿ ನೋಟಿಸ್ ಹೋಗಿತ್ತು. ಅಂದರೆ ಈ ಸುದ್ದಿಯನ್ನು ಸರಿಯಾಗಿ ತಿಳಿಯಲು ನಾಲ್ಕೈದು ಸಂಗತಿಗಳನ್ನು ಒಟ್ಟಿಗೆ ಹಿಡಿದುಕೊಳ್ಳಬೇಕು. ಮೂವತ್ತು ಸೆಕೆಂಡಿನಲ್ಲಿ ಭಯವೊಂದೇ ದಾಟಿತು. ಮಿತಿ, ವಿನಾಯಿತಿ, ಮೇಲ್ಮನವಿಯ ದಾರಿ ಯಾವುದೂ ದಾಟಲಿಲ್ಲ. ಕ್ಯೂಆರ್ ಕೋಡ್ ತೆಗೆದ ವ್ಯಾಪಾರಿಗೆ ಇದರಿಂದ ಯಾವ ಲಾಭವೂ ಆಗಲಿಲ್ಲ, ಏಕೆಂದರೆ ನೋಟಿಸ್ ಬಂದದ್ದು ಹಿಂದಿನ ವರ್ಷಗಳ ವಹಿವಾಟಿಗೆ. ಜುಲೈ 23ರಂದು ಮುಖ್ಯಮಂತ್ರಿ ವ್ಯಾಪಾರಿಗಳ ಸಭೆ ಕರೆದು ಹಳೆಯ ಬಾಕಿಯ ವಿಷಯದಲ್ಲಿ ಭರವಸೆ ಕೊಟ್ಟ ಮೇಲೆ ಪ್ರತಿಭಟನೆ ತಣ್ಣಗಾಯಿತು. ಆ ಹೊತ್ತಿಗೆ ಎಷ್ಟೋ ಚಿಕ್ಕ ಅಂಗಡಿಗಳು ಗಿರಾಕಿಗಳನ್ನು ಕಳೆದುಕೊಂಡಿದ್ದವು.

ಎರಡನ್ನೂ ಹೋಲಿಸಿದಾಗ ತಿಳಿಯುವುದಿಷ್ಟು. ಅನ್ಯಾಯ ಒಂದೇ ಚೌಕಟ್ಟಿನಲ್ಲಿ ಕಾಣುವಂತಿದ್ದರೆ, ಅಂದರೆ ರಸ್ತೆಗುಂಡಿ, ದರಪಟ್ಟಿ, ಕಸದ ರಾಶಿಯಂತಿದ್ದರೆ, ಚುಟುಕು ವಿಡಿಯೊಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಸತ್ಯವು ಷರತ್ತುಗಳಲ್ಲಿ ಇದ್ದರೆ ಅದೇ ಮಾಧ್ಯಮ ಹಾನಿ ಮಾಡುತ್ತದೆ. ನಾಗರಿಕರ ಬದುಕನ್ನು ಹೆಚ್ಚು ಆಳವಾಗಿ ತಟ್ಟುವ ತೆರಿಗೆ, ಇ–ಖಾತಾ, ಮೀಸಲಾತಿ, ಭೂಸ್ವಾಧೀನ, ಮತದಾರರ ಪಟ್ಟಿ ಇವೆಲ್ಲ ಎರಡನೆಯ ಗುಂಪಿಗೆ ಸೇರಿದವು.

ಕೊನೆಯಲ್ಲಿ ಬಂದ ಷರತ್ತು

ಫೀಡ್‌ಗೆ ಇನ್ನೊಂದು ಗುಣವಿದೆ. ಅದು ಗಡಿಯಾರದ ಪ್ರಕಾರ ನಡೆಯುವುದಿಲ್ಲ. ಬೆಳಿಗ್ಗೆಯ ಪೋಸ್ಟ್ ಸಂಜೆ ಕಾಣಬಹುದು, ಅದನ್ನು ಅಲ್ಲಗಳೆದ ಮಧ್ಯಾಹ್ನದ ಪೋಸ್ಟ್ ಕಾಣದೆಯೂ ಹೋಗಬಹುದು.

2025ರ ಜೂನ್ 4ರಂದು ಆರ್‌ಸಿಬಿ ತಂಡದ ಐಪಿಎಲ್ ಗೆಲುವಿನ ಸಂಭ್ರಮಾಚರಣೆಯ ವೇಳೆ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ರಾಜ್ಯ ಸರ್ಕಾರ ಹೈಕೋರ್ಟ್‌ಗೆ ಸಲ್ಲಿಸಿದ ವರದಿಯು ಆ ದಿನದ ಪೋಸ್ಟ್‌ಗಳ ಸಮಯವನ್ನು ಒಂದೊಂದಾಗಿ ಕೊಡುತ್ತದೆ. ಬೆಳಿಗ್ಗೆ 7.01ಕ್ಕೆ ತಂಡದ ಖಾತೆಯಿಂದ ವಿಜಯಯಾತ್ರೆಗೆ ಬನ್ನಿ ಎಂಬ ಕರೆ. ಅದರ ನಂತರ ಅಂಥದೇ ಇನ್ನಷ್ಟು ಪೋಸ್ಟ್‌ಗಳು. ಯಾತ್ರೆ ಇಲ್ಲ ಎಂದು ಸಂಚಾರ ಪೊಲೀಸರು ಮಧ್ಯಾಹ್ನದ ಮೊದಲೇ ತಿಳಿಸಿದ್ದರು. ಕ್ರೀಡಾಂಗಣದೊಳಗೆ ಹೋಗಲು ಪಾಸ್ ಬೇಕು, ಅವು ಸೀಮಿತ ಸಂಖ್ಯೆಯಲ್ಲಿವೆ ಎಂಬ ವಿವರ ಮೊದಲ ಬಾರಿಗೆ ಕಾಣಿಸಿದ್ದು 3.14ರ ಪೋಸ್ಟ್‌ನಲ್ಲಿ. ಪೋಸ್ಟ್‌ಗಳಿಗೆ ಒಟ್ಟು 44 ಲಕ್ಷ ವೀಕ್ಷಣೆ ಬಂದಿತ್ತು ಎನ್ನುತ್ತದೆ ವರದಿ.

ದುರಂತಕ್ಕೆ ಕಾರಣಗಳು ಹಲವು, ಹೊಣೆ ಯಾರದು ಎಂಬುದನ್ನು ನ್ಯಾಯಾಲಯ ಹೇಳಬೇಕು. ಇಲ್ಲಿ ಗಮನಿಸಬೇಕಾದದ್ದು ಮಾಹಿತಿ ಬಂದ ಕ್ರಮ. ಕರೆ ಮೊದಲು ಬಂತು, ಷರತ್ತು ಎಂಟು ಗಂಟೆ ತಡವಾಗಿ ಬಂತು. ಹಬ್ಬದ ಉತ್ಸಾಹದ ಕರೆ ಮೊಬೈಲ್‌ನಿಂದ ಮೊಬೈಲ್‌ಗೆ ಓಡುತ್ತದೆ. ‘ಯಾತ್ರೆ ಇಲ್ಲ’ ಎಂಬ ನಾಲ್ಕು ಸಾಲಿನ ಪ್ರಕಟಣೆಯನ್ನು ಯಾರೂ ಸ್ಟೇಟಸ್‌ಗೆ ಹಾಕಿಕೊಳ್ಳುವುದಿಲ್ಲ. ಸಾರ್ವಜನಿಕ ಸುರಕ್ಷತೆಯ ಮಾಹಿತಿಯನ್ನು ಇಂಥ ವ್ಯವಸ್ಥೆಯ ಕೈಗೆ ಒಪ್ಪಿಸಿದರೆ ಏನಾಗುತ್ತದೆ ಎಂಬುದನ್ನು ಪೊಲೀಸ್ ಇಲಾಖೆ, ಪಾಲಿಕೆ, ಆಯೋಜಕರು ಎಲ್ಲರೂ ಗಂಭೀರವಾಗಿ ಯೋಚಿಸಬೇಕು.

ವೀಕ್ಷಣೆ ಹೆಚ್ಚು, ವರಮಾನ ಕಡಿಮೆ

ಈಗ ಮೊದಲಿನ ಗೊಂದಲಕ್ಕೆ ಬರೋಣ. ಯೂಟ್ಯೂಬ್‌ನ ಉದ್ದದ ವಿಡಿಯೊ ಮೇಲಿನ ಜಾಹೀರಾತು ಹಣದಲ್ಲಿ ಮಾಡಿದವರಿಗೆ ಶೇ 55 ಸಿಗುತ್ತದೆ. ಶಾರ್ಟ್ಸ್‌ನಲ್ಲಿ ಜಾಹೀರಾತು ಯಾವುದೋ ಒಂದು ವಿಡಿಯೊಗೆ ಸೇರಿದ್ದಲ್ಲ, ಎರಡು ವಿಡಿಯೊಗಳ ನಡುವೆ ಬರುತ್ತದೆ. ಆದ್ದರಿಂದ ಹಣವನ್ನು ಒಂದು ನಿಧಿಗೆ ಹಾಕಿ, ಸಂಗೀತದ ಪರವಾನಗಿ ವೆಚ್ಚ ಕಳೆದು, ಉಳಿದದ್ದನ್ನು ವೀಕ್ಷಣೆಯ ಪ್ರಮಾಣದಲ್ಲಿ ಹಂಚಿ, ಅದರಲ್ಲಿ ಶೇ 45ನ್ನು ಮಾಡಿದವರಿಗೆ ಕೊಡುತ್ತಾರೆ. 2023ರ ಫೆಬ್ರುವರಿಯಿಂದ ಈ ಪದ್ಧತಿ ಇದೆ. ಜೊತೆಗೆ 2025ರ ಮಾರ್ಚ್ 31ರಿಂದ ಶಾರ್ಟ್ಸ್ ತೆರೆಯ ಮೇಲೆ ಓಡಲು ಆರಂಭಿಸಿದರೆ ಸಾಕು, ಅದು ಒಂದು ವೀಕ್ಷಣೆ. ಎಷ್ಟು ಸೆಕೆಂಡ್ ನೋಡಿದರು ಎಂಬುದು ಲೆಕ್ಕಕ್ಕಿಲ್ಲ. ಹಣದ ಲೆಕ್ಕಕ್ಕೆ ಮಾತ್ರ ಹಳೆಯ, ಬಿಗಿಯಾದ ಅಳತೆಯನ್ನೇ ಉಳಿಸಿಕೊಂಡಿದ್ದಾರೆ. ಹೀಗಾಗಿ ವೀಕ್ಷಣೆಯ ಅಂಕಿ ಏರಿದರೂ ವರಮಾನ ಏರಲಿಲ್ಲ.

ಇತ್ತ ಫೇಸ್‌ಬುಕ್ ಸುದ್ದಿಯಿಂದ ಬೇಕೆಂದೇ ದೂರ ಸರಿದಿದೆ. ಕೆನಡಾದಲ್ಲಿ ಸುದ್ದಿಗೆ ಹಣ ಕೊಡಬೇಕೆಂಬ ಕಾನೂನು ಬಂದಾಗ 2023ರ ಆಗಸ್ಟ್‌ನಿಂದ ಅಲ್ಲಿ ಸುದ್ದಿಯನ್ನೇ ನಿಲ್ಲಿಸಿತು. ಲಿಂಕ್ ಒತ್ತಿ ಜಾಲತಾಣಕ್ಕೆ ಹೋಗುವ ದಾರಿ ಕಿರಿದಾದಂತೆ ಸುದ್ದಿಸಂಸ್ಥೆಗಳು ತಮ್ಮ ವರದಿಯನ್ನು ಕತ್ತರಿಸಿ ಫೀಡ್‌ಗೆ ಕೊಡುತ್ತಿವೆ. ಓದುಗ ಅಲ್ಲೇ ನೋಡಿ ಅಲ್ಲೇ ಮುಂದಕ್ಕೆ ಹೋಗುತ್ತಾನೆ. ಜಾಹೀರಾತಿನ ಹಣವೂ ಅಲ್ಲೇ ಉಳಿಯುತ್ತದೆ. 80,200 ಕೋಟಿಯ ಉದ್ಯಮದ ಬೆಳವಣಿಗೆ ಸುದ್ದಿಮನೆಯ ಬೆಳವಣಿಗೆಯಾಗದಿರಲು ಇದೇ ಕಾರಣ. ಒಂದು ಕಡತದ ಹಿಂದೆ ಮೂರು ವಾರ ಓಡಾಡುವ ವರದಿಗಾರನ ಸಂಬಳ ಈ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ.

ಯಾರ ವಾದ ಏನು?

ಕಂಪನಿಗಳ ವಾದ ಸರಳ: ನಾವು ಯಾರನ್ನೂ ಬಲವಂತ ಮಾಡಿಲ್ಲ, ಜನ ಇಷ್ಟಪಡುವುದನ್ನು ತೋರಿಸುತ್ತೇವೆ. ಈ ವಾದದಲ್ಲಿ ದೋಷವಿದೆ. ಬೆರಳು ನಿಂತದ್ದನ್ನೆಲ್ಲ ಇಷ್ಟ ಎಂದು ಎಣಿಸಲಾಗದು. ಅಪಘಾತದ ಮುಂದೆ ಬೈಕ್ ನಿಧಾನಿಸುವವರೆಲ್ಲ ಅಪಘಾತವನ್ನು ಬಯಸಿದವರಲ್ಲ.

ಚುಟುಕು ವಿಡಿಯೊ ಮಾಡುವವರ ವಾದಕ್ಕೆ ಹೆಚ್ಚು ತೂಕವಿದೆ. ಬೆಂಗಳೂರಿನ ಸ್ಟುಡಿಯೊಗಳು ದಶಕಗಳ ಕಾಲ ಒಂದೇ ಬಗೆಯ ಕನ್ನಡ ಮಾತನಾಡಿದವು. ಕಲಬುರಗಿಯ, ಕುಂದಾಪುರದ, ಚಾಮರಾಜನಗರದ ಕನ್ನಡ ಅಲ್ಲಿ ಹಾಸ್ಯಪಾತ್ರಕ್ಕೆ ಮೀಸಲಾಗಿತ್ತು. ಈಗ ಆ ಊರಿನವರು ತಮ್ಮ ಮಾತಿನಲ್ಲೇ ಬೇಸಾಯ, ಅಡುಗೆ, ಕಾನೂನು, ರಾಜಕೀಯ ವಿವರಿಸುತ್ತಿದ್ದಾರೆ. ಯಾರ ಶಿಫಾರಸೂ ಬೇಕಾಗಿಲ್ಲ. ಇದು ನಿಜವಾದ ಗಳಿಕೆ, ಹಿಂದಕ್ಕೆ ಕೊಡುವಂಥದಲ್ಲ.

ಸರ್ಕಾರಗಳು ನೋಡುವುದು ತಪ್ಪು ಮಾಹಿತಿಯ ಕಡೆಯಿಂದ. ರಾಜ್ಯದ ಸುಳ್ಳು ಸುದ್ದಿ ನಿಷೇಧ ಮಸೂದೆಯ ಕರಡು 2025ರ ಜೂನ್‌ನಲ್ಲಿ ಹೊರಬಿತ್ತು. ಏಳು ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡದ ಪ್ರಸ್ತಾವ ಅದರಲ್ಲಿತ್ತು. ಸುಳ್ಳು ಯಾವುದು ಎಂದು ತೀರ್ಮಾನಿಸುವ ಅಧಿಕಾರ ಸರ್ಕಾರದ ಕೈಗೆ ಹೋಗುತ್ತದೆ ಎಂಬ ಆಕ್ಷೇಪ ಬಂತು, ಅದು ಸರಿಯಾದ ಆಕ್ಷೇಪ. ಕೇಂದ್ರದ ‘ಸಹಯೋಗ್’ ಪೋರ್ಟಲ್ ಮೂಲಕ ಪೋಸ್ಟ್ ತೆಗೆಸುವುದನ್ನು ಪ್ರಶ್ನಿಸಿದ್ದ ಎಕ್ಸ್ ಕಂಪನಿಯ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2025ರ ಸೆಪ್ಟೆಂಬರ್ 24ರಂದು ವಜಾಗೊಳಿಸಿತು. ಗಮನಿಸಿ: ಎರಡೂ ಕಡೆ ಚರ್ಚೆ ಯಾವ ಪೋಸ್ಟ್ ತೆಗೆಯಬೇಕು ಎಂಬುದರ ಸುತ್ತಲೇ ಇದೆ. ಉಳಿದ ಪೋಸ್ಟ್‌ಗಳನ್ನು ಯಾವ ಕ್ರಮದಲ್ಲಿ, ಯಾರಿಗೆ, ಏಕೆ ತೋರಿಸುತ್ತಾರೆ ಎಂದು ಯಾರೂ ಕೇಳುತ್ತಿಲ್ಲ. ಯುರೋಪ್ ಒಕ್ಕೂಟದ ಡಿಜಿಟಲ್ ಸೇವೆಗಳ ಕಾಯ್ದೆ ಇದನ್ನು ಕೇಳಿದೆ. ಬಳಕೆದಾರನ ವೈಯಕ್ತಿಕ ಮಾಹಿತಿ ಆಧರಿಸದ ಒಂದು ಫೀಡ್ ಅನ್ನಾದರೂ ಆಯ್ಕೆಯಾಗಿ ಕೊಡಲೇಬೇಕೆಂದು ದೊಡ್ಡ ಕಂಪನಿಗಳಿಗೆ ಅದು ವಿಧಿಸಿದೆ. ಭಾರತದ ಕಾನೂನಿನಲ್ಲಿ ಅಂಥ ಹಕ್ಕು ಇಲ್ಲ.

ಮಕ್ಕಳ ಪ್ರಶ್ನೆ

ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಸಾಮಾಜಿಕ ಜಾಲತಾಣದ ಖಾತೆ ನಿರ್ಬಂಧಿಸಿದ ಮೇಲೆ ಕರ್ನಾಟಕದಲ್ಲೂ ವಯೋಮಿತಿಯ ಮಾತು ಸರ್ಕಾರದ ಮಟ್ಟದಲ್ಲೇ ಕೇಳಿಬಂದಿದೆ. ತಂದೆ ತಾಯಂದಿರ ಆತಂಕ ಸಹಜವಾದದ್ದು. ಆದರೆ ಒಂದೇ ಮೊಬೈಲ್ ಅನ್ನು ಇಡೀ ಮನೆ ಬಳಸುವ ನಮ್ಮಲ್ಲಿ ವಯಸ್ಸು ಪರೀಕ್ಷಿಸುವುದು ಹೇಗೆ? ಎಲ್ಲರಿಂದಲೂ ಗುರುತಿನ ಚೀಟಿ ಕೇಳಿದರೆ ಆ ಮಾಹಿತಿ ಯಾರ ಬಳಿ ಸೇರುತ್ತದೆ?

ಇದಕ್ಕಿಂತ ಗಟ್ಟಿಯಾದ ದಾರಿ ನಮ್ಮ ಕಾನೂನಿನಲ್ಲೇ ಇದೆ, ಅದರ ಬಗ್ಗೆ ಚರ್ಚೆ ಆಗುತ್ತಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ 18 ವರ್ಷದೊಳಗಿನವರ ಚಲನವಲನ ಹಿಂಬಾಲಿಸುವುದನ್ನು, ನಡವಳಿಕೆ ಗಮನಿಸುವುದನ್ನು, ಅವರನ್ನು ಗುರಿಯಾಗಿಸಿ ಜಾಹೀರಾತು ತೋರಿಸುವುದನ್ನು ನಿಷೇಧಿಸುತ್ತದೆ. ಕೆಲವು ಉದ್ದೇಶಗಳಿಗೆ ವಿನಾಯಿತಿ ಇದೆ. ಉಲ್ಲಂಘಿಸಿದರೆ 200 ಕೋಟಿ ರೂಪಾಯಿವರೆಗೆ ದಂಡ. ಬೆರಳು ಎಲ್ಲಿ ನಿಂತಿತು ಎಂದು ಎಣಿಸುವುದೇ ಫೀಡ್‌ನ ಜೀವಾಳ. ಈ ಸೆಕ್ಷನ್ ಅನ್ನು ಅಕ್ಷರಶಃ ಜಾರಿ ಮಾಡಿದರೆ ಮಕ್ಕಳಿಗೆ ಈಗಿನ ರೂಪದ ಫೀಡ್ ತೋರಿಸುವುದೇ ಕಷ್ಟ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ; ಮುಖ್ಯ ಹೊಣೆಗಳು ಹದಿನೆಂಟು ತಿಂಗಳ ನಂತರ, ಅಂದರೆ 2027ರ ಮೇ ಹೊತ್ತಿಗೆ ಜಾರಿಗೆ ಬರಬೇಕು. ಮಕ್ಕಳ ಖಾತೆ ಮುಚ್ಚಿಸುವುದಕ್ಕಿಂತ ಕಂಪನಿಯ ಎಣಿಕೆಯನ್ನು ನಿಲ್ಲಿಸುವುದು ನ್ಯಾಯವಾದ ಕ್ರಮ.

ವಾರ್ಡ್ ಸುದ್ದಿ ಯಾರು ಬರೆಯುತ್ತಾರೆ?

ಬೆಂಗಳೂರಿನ ಮಟ್ಟಿಗೆ ಇದರ ಬಿಸಿ ಮೊದಲು ತಟ್ಟುವುದು ಪಾಲಿಕೆಯ ವಿಷಯದಲ್ಲಿ. ನಗರ ಕೊನೆಯ ಬಾರಿ ಬಿಬಿಎಂಪಿ ಕಾರ್ಪೊರೇಟರ್‌ಗಳನ್ನು ಆರಿಸಿದ್ದು 2015ರ ಆಗಸ್ಟ್‌ನಲ್ಲಿ. ಆಗ ಜಿಯೊ ಬಂದಿರಲಿಲ್ಲ, ರೀಲ್ಸ್ ಇರಲಿಲ್ಲ. ಆ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಅಸ್ತಿತ್ವಕ್ಕೆ ಬಂದು ನಗರ ಐದು ಪಾಲಿಕೆಗಳಾಗಿ ಒಡೆಯಿತು. ಈ ಪಾಲಿಕೆಗಳ ಮೊದಲ ಚುನಾವಣೆಯೇ ರೀಲ್ಸ್ ಕಾಲದ ಮೊದಲ ಪಾಲಿಕೆ ಚುನಾವಣೆ.

ಗುಂಡಿ ತುಂಬುವಾಗ ನಿಂತು ವಿಡಿಯೊ ಮಾಡಿಸಿಕೊಂಡ ಅಭ್ಯರ್ಥಿ ಎಲ್ಲರ ಮೊಬೈಲ್‌ನಲ್ಲೂ ಕಾಣುತ್ತಾರೆ. ಅದೇ ರಸ್ತೆಗೆ ಒಂದೇ ವರ್ಷದಲ್ಲಿ ಎಷ್ಟು ಬಾರಿ ಬಿಲ್ ಆಗಿದೆ, ಗುತ್ತಿಗೆ ಯಾರ ಪಾಲಾಯಿತು, ವಾರ್ಡ್ ಗಡಿ ಬದಲಾದಾಗ ಯಾವ ಬಡಾವಣೆ ಎಲ್ಲಿಗೆ ಸೇರಿತು ಎಂಬುದು ಕಡತದಲ್ಲಿರುತ್ತದೆ. ಕಡತ ಓದಲು ಸಮಯ ಬೇಕು, ಓದಿದ್ದನ್ನು ಹೇಳಲು ಎಂಟುನೂರು ಪದವಾದರೂ ಬೇಕು. ಆ ಕೆಲಸ ಮಾಡುವವರನ್ನು ಉಳಿಸಿಕೊಳ್ಳುವ ದಾರಿಗಳು ಇಲ್ಲವೆಂದಲ್ಲ: ಇ–ಪೇಪರ್‌ಗೆ, ಜಾಲತಾಣಕ್ಕೆ ನೇರವಾಗಿ ಚಂದಾ ಕೊಡುವ ಓದುಗರು, ಫೀಡ್‌ಗೆ ಕಾಯದೆ ವರದಿಯನ್ನು ವಾಟ್ಸ್ಆ್ಯಪ್ ಚಾನೆಲ್, ಇ–ಮೇಲ್ ಮೂಲಕ ಮನೆಗೇ ಮುಟ್ಟಿಸುವ ಸುದ್ದಿಮನೆ, ಪ್ರತಿ ಚುಟುಕು ವಿಡಿಯೊ ಮೇಲೆ ದಿನಾಂಕ, ಸಮಯ ಅಳಿಸದಂತೆ ಅಚ್ಚಾಗಿರಬೇಕು, ಷರತ್ತು ಮೊದಲ ವಾಕ್ಯದಲ್ಲೇ ಬರಬೇಕು ಎಂಬ ಡೆಸ್ಕ್‌ನ ಕಟ್ಟುನಿಟ್ಟು. ಇವಕ್ಕೆ ಯಾವ ಕಾಯ್ದೆಯೂ ಬೇಕಿಲ್ಲ. ಜಿಎಸ್‌ಟಿ ನೋಟಿಸ್ ಸಂದರ್ಭದಲ್ಲಿ ‘ವರ್ಷಕ್ಕೆ ಸರಕಿನಲ್ಲಿ 40 ಲಕ್ಷ, ಸೇವೆಯಲ್ಲಿ 20 ಲಕ್ಷ ದಾಟಿದವರಿಗೆ ಮಾತ್ರ’ ಎಂಬ ಒಂದು ಸಾಲು ಪ್ರತಿ ವಿಡಿಯೊದ ಮೊದಲಿಗೆ ಇದ್ದಿದ್ದರೆ, ದಿನಕ್ಕೆ ಎರಡು ಸಾವಿರ ರೂಪಾಯಿ ವ್ಯಾಪಾರ ಮಾಡುವ ಚಹಾ ಅಂಗಡಿಯವರು ಕ್ಯೂಆರ್ ಕೋಡ್ ತೆಗೆಯುವ ಪ್ರಮೇಯವೇ ಇರುತ್ತಿರಲಿಲ್ಲ.